ಓದುಗರು ಕೇಳಿದ್ದು: ಹಳೇ ಕಾರಿನ ಟಾಪ್ ಸ್ಪೀಡ್

ಪ್ರಶ್ನೆ: ತಂದೆಯವರ 1973ರ ಫಿಯಟ್, ಅಂದರೆ ಪ್ರೀಮಿಯರ್ ಪ್ರೆಸಿಡೆಂಟ್, ನನ್ನ ಬಳಿ ಇದೆ. ಏರ್‌ಸ್ಟ್ರಿಪ್‌ನಲ್ಲಿ ಹವ್ಯಾಸಿಗಳಿಗಾಗಿ ನಡೆಸುವ ಟಾಪ್ ಸ್ಪೀಡ್ ಓಟಕ್ಕೆ ಇಳಿಸುವ ಆಸೆ. ಟ್ರ್ಯಾಕ್‌ನಲ್ಲಿ ಓಡಿಸಿದಾಗ ಜಿಪಿಎಸ್‌ನಲ್ಲಿ ಗಂಟೆಗೆ 115 ಕಿ.ಮೀ. ಬಂತು. 150 ಮುಟ್ಟಿಸಲು ಎಂಜಿನ್‌ನಲ್ಲಿ ಏನೇನು ಬದಲಿಸಬೇಕು?
— ಕೋಲಾರ

ಉತ್ತರ: 150ರ ಆಸೆ ಸದ್ಯಕ್ಕೆ ಬಿಡಿ. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನದಂತೆ ಏರುತ್ತದೆ. 115ರಿಂದ 150ಕ್ಕೆ ಹೋಗಲು ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. 1089 ಸಿಸಿಯ, ಕ್ರ್ಯಾಂಕ್‌ಶಾಫ್ಟ್ ಹಿಡಿಯಲು ಮೂರೇ ಮೇನ್ ಬೇರಿಂಗ್ ಇರುವ ಈ ಎಂಜಿನ್ನಿಂದ ಅಷ್ಟನ್ನು ಹಿಂಡಲು ಹೋದರೆ ಕ್ರ್ಯಾಂಕ್ ಉಳಿಯುವುದಿಲ್ಲ. ಆದರೆ 125ರ ಹತ್ತಿರ ಬರಬಹುದು. ಅದನ್ನು ನಿಮ್ಮ ಲೆಕ್ಕವೇ ಹೇಳುತ್ತದೆ.

ಮೊದಲು ಡಿಫರೆನ್ಷಿಯಲ್ ರೇಶಿಯೊ, ಅಂದರೆ ಹಿಂದಿನ ಚಕ್ರಗಳು ಒಂದು ಸುತ್ತು ತಿರುಗಲು ಪ್ರೊಪೆಲರ್ ಶಾಫ್ಟ್ (ಎಂಜಿನ್ ಕಡೆಯಿಂದ ಹಿಂದಕ್ಕೆ ಬರುವ ಉದ್ದ ದಂಡ) ಎಷ್ಟು ಸುತ್ತು ತಿರುಗುತ್ತದೆ ಎಂಬುದನ್ನು ಅಳೆಯಿರಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಹಿಂದಿನ ಒಂದು ಚಕ್ರವನ್ನಷ್ಟೇ ಜಾಕ್ ಮೇಲೆತ್ತಿ, ಉಳಿದವಕ್ಕೆ ಕಲ್ಲು ಕೊಡಿ. ಎತ್ತಿದ ಚಕ್ರವನ್ನು ಸರಿಯಾಗಿ 20 ಸುತ್ತು ತಿರುಗಿಸಿ, ಪ್ರೊಪೆಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿತೆಂದು ಎಣಿಸಿ 10ರಿಂದ ಭಾಗಿಸಿ (ಒಂದೇ ಚಕ್ರ ತಿರುಗುವುದರಿಂದ 20 ಸುತ್ತು 10ಕ್ಕೆ ಸಮ). ಆಮೇಲೆ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಒಬ್ಬರನ್ನು ಸೀಟಿನಲ್ಲಿ ಕೂರಿಸಿ, 10 ಸುತ್ತು ತಳ್ಳಿ ನೆಲದ ದೂರ ಅಳೆಯಿರಿ. ರೇಶಿಯೊ 4.3, ಒಂದು ಸುತ್ತಿಗೆ 1.85 ಮೀಟರ್ ಬಂತೆನ್ನಿ. ಟಾಪ್ ಗೇರಿನಲ್ಲಿ 115 ಎಂದರೆ ಎಂಜಿನ್ ಸುಮಾರು 4,450 ಆರ್‌ಪಿಎಂನಲ್ಲಿದೆ. ಇದರ ಪೂರ್ಣ ಶಕ್ತಿ, ಹೆಚ್ಚುಕಡಿಮೆ 40 ಎಚ್‌ಪಿ, ಸಿಗುವುದು 4,800ರಲ್ಲಿ. ಆ 4,800ಕ್ಕೆ ಲೆಕ್ಕ ಹಾಕಿದರೆ 124 ಕಿ.ಮೀ. ಬರುತ್ತದೆ. ಅಂದರೆ ತಡೆದಿರುವುದು ಗೇರ್ ಅಲ್ಲ. ಎಂಜಿನ್ ತನ್ನದೇ ಶಕ್ತಿಯನ್ನು ಎಲ್ಲೋ ಕಳೆದುಕೊಂಡಿದೆ. ದೊಡ್ಡ ಟೈರ್ ಹಾಕಿದರೆ ಇನ್ನೂ ಕಡಿಮೆಯಾದೀತು.

ಕಳೆದುಹೋದ ಶಕ್ತಿ ಸಾಮಾನ್ಯವಾಗಿ ಅಡಗಿರುವ ಜಾಗಗಳಿವು. ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಲಿ, ನೀವು ಕಾರ್ಬುರೇಟರ್ ಒಳಗೆ ನೋಡಿ: ಸವೆದ ಲಿಂಕೇಜ್‌ನಿಂದಾಗಿ ಥ್ರಾಟಲ್ ಮುಕ್ಕಾಲೇ ತೆರೆಯುವ ಕಾರುಗಳು ಬಹಳ. ಡಿಸ್ಟ್ರಿಬ್ಯೂಟರ್ ಒಳಗಿನ ಅಡ್ವಾನ್ಸ್ ತೂಕಗಳು ಹಳೇ ಗ್ರೀಸಿನಲ್ಲಿ ಅಂಟಿಕೊಂಡಿದ್ದರೆ ಹೆಚ್ಚು ಆರ್‌ಪಿಎಂನಲ್ಲಿ ಟೈಮಿಂಗ್ (ಪ್ಲಗ್ ಕಿಡಿ ಹಾರುವ ಗಳಿಗೆ) ಮುಂದೆ ಹೋಗುವುದೇ ಇಲ್ಲ. ರೋಟರ್ ಹಿಡಿದು ತಿರುಗಿಸಿ ಬಿಟ್ಟಾಗ ಅದು ತಾನಾಗಿ ಹಿಂದಕ್ಕೆ ಬರಬೇಕು. ಕಂಪ್ರೆಶನ್ ನಾಲ್ಕೂ ಸಿಲಿಂಡರಿನಲ್ಲಿ ಶೇ. 10ರ ಒಳಗಿನ ವ್ಯತ್ಯಾಸದಲ್ಲಿರಲಿ. ಕಡಿಮೆ ಬಂದದ್ದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಜಾಕ್ ಮೇಲೆ ನಾಲ್ಕೂ ಚಕ್ರ ಕೈಯಿಂದ ತಿರುಗಿಸಿ, ಬ್ರೇಕ್ ಶೂ ಉಜ್ಜುತ್ತಿದ್ದರೆ ಸರಿಮಾಡಿ. ಹೆಡ್ ಫೇಸಿಂಗ್ (ಕಂಪ್ರೆಶನ್ ಏರಿಸಲು ಸಿಲಿಂಡರ್ ಹೆಡ್ ತುಸು ಉಜ್ಜಿಸುವುದು), ಎರಡನೇ ಕಾರ್ಬುರೇಟರ್ ಎಲ್ಲ ಇವು ಮುಗಿದ ಮೇಲಿನ ಮಾತು.

ಇನ್ನೊಂದು ವಿಷಯ. ಅರ್ಧ ಮೈಲಿ, ಅಂದರೆ 800 ಮೀಟರ್ ಓಟದಲ್ಲಿ ಈ ಕಾರು ತನ್ನ ಗರಿಷ್ಠ ವೇಗ ಮುಟ್ಟುವುದಿಲ್ಲ. ಅಲ್ಲಿ ನಿಮ್ಮ ಗುರಿ ಫಿನಿಶ್ ಗೆರೆಯ ವೇಗ. ಸ್ವಂತ ಲೆಕ್ಕಕ್ಕೆ ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯಿರಿ, ಆಗ ಗಾಳಿ, ಇಳಿಜಾರಿನ ಲಾಭ ಕಳೆದುಹೋಗುತ್ತದೆ. ಓಟ ಮುಗಿಸಿ ನಿಂತಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಡ್ರಮ್ ವಕ್ರವಾಗುತ್ತದೆ. ಚಕ್ರಕ್ಕೆ ಕಟ್ಟೆ ಕೊಡಿ.

ಪ್ರಶ್ನೆ: ಊರಿನಲ್ಲಿ ಟ್ಯೂನ್ ಮಾಡಿದ ಕಾರನ್ನು ಶ್ರೀಪೆರಂಬದೂರು ಬಳಿಯ ಟ್ರ್ಯಾಕಿಗೆ ಒಯ್ದರೆ ಕಾರ್ಬುರೇಟರ್ ಮುಟ್ಟಬೇಕೇ?
— ಚಿಂತಾಮಣಿ

ಉತ್ತರ: ಮುಟ್ಟಲೇಬೇಕು. ನಮ್ಮ ಬಯಲುಸೀಮೆ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಕರಾವಳಿಗಿಂತ ಸುಮಾರು ಶೇ. 8ರಷ್ಟು ತೆಳು. ಚೆನ್ನೈ ಕಡೆಗೆ ಕೆಳಗಿಳಿದಾಗ ಸಿಲಿಂಡರಿಗೆ ಹೆಚ್ಚು ಗಾಳಿ ಹೋಗುತ್ತದೆ, ಪೆಟ್ರೋಲ್ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಮಿಶ್ರಣ ಸುಮಾರು ಶೇ. 4ರಷ್ಟು ಲೀನ್ ಆಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ. ಊರಲ್ಲಿ ಚೆನ್ನಾಗಿದ್ದ ಎಂಜಿನ್ ಅಲ್ಲಿ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಎಂಜಿನ್ ಬಡಿದುಕೊಳ್ಳುವುದು) ಶುರುಮಾಡಿ ಪಿಸ್ಟನ್ ಕರಗಿಸಿಕೊಳ್ಳಲು ಒಂದು ಪೂರ್ಣ ಥ್ರಾಟಲ್ ಓಟ ಸಾಕು. ಅದರ ಜೊತೆಗೆ ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ, ಅದೂ ಲೀನ್ ಕಡೆಗೇ ಎಳೆಯುತ್ತದೆ.

ಸೋಲೆಕ್ಸ್ ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಹಾಯುವ ತೂತಿನ ಬಿಡಿಭಾಗ) ಮೇಲಿನ ಸಂಖ್ಯೆ ರಂಧ್ರದ ಅಳತೆ: 115 ಎಂದರೆ 1.15 ಮಿ.ಮೀ. ನಿಮ್ಮದು 115 ಆಗಿದ್ದರೆ ಅಲ್ಲಿ 120 ಹಾಕಿ ಶುರುಮಾಡಿ, ಆಮೇಲೆ 117.5ಕ್ಕೆ ಇಳಿಯಿರಿ, ಕೆಳಗಿನಿಂದ ಮೇಲೆ ಹೋಗುವ ಪ್ರಯೋಗ ಬೇಡ. ಟೈಮಿಂಗ್ 2 ಡಿಗ್ರಿ ಹಿಂದಕ್ಕೆ ಇರಲಿ. ಪೂರ್ಣ ಥ್ರಾಟಲ್‌ನಲ್ಲಿ ಓಡುತ್ತಿರುವಾಗಲೇ ಕ್ಲಚ್ ಒತ್ತಿ, ಇಗ್ನಿಶನ್‌ಗೆಂದೇ ಹಾಕಿಸಿದ ಬೇರೆ ಸ್ವಿಚ್‌ನಿಂದ ಎಂಜಿನ್ ಆರಿಸಿ. ಕೀ ತಿರುಗಿಸಬೇಡಿ, ಸ್ಟೀರಿಂಗ್ ಲಾಕ್ ಆದೀತು. ಕಾರು ತಾನಾಗಿ ನಿಂತ ಮೇಲೆ ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿ ತಿಳಿ ಕಂದು ಇದ್ದರೆ ಸರಿ. ಬೆಳ್ಳಗಿದ್ದು ಮೇಲೆ ಬೆಳ್ಳಿಪುಡಿಯಂಥ ಚುಕ್ಕಿ ಕಂಡರೆ ಪಿಸ್ಟನ್ ಆಗಲೇ ಸುಡುತ್ತಿದೆ, ಆ ದಿನ ಓಡಿಸಬೇಡಿ.

ಎಥನಾಲ್ ಹಳೇ ರಬ್ಬರನ್ನೂ ತಿನ್ನುತ್ತದೆ. ಫ್ಯುಯೆಲ್ ಪಂಪಿನ ಡಯಾಫ್ರಮ್, ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿ. ಬಿಸಿ ಎಕ್ಸಾಸ್ಟ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿಯೇ.

ಪ್ರಶ್ನೆ: 85ರಿಂದ 90ರವರೆಗೆ ಸ್ಟೀರಿಂಗ್ ನಡುಗುತ್ತದೆ, 100ಕ್ಕೆ ನಿಂತುಹೋಗುತ್ತದೆ. ಹಾಗೇ ಓಡಿಸಬಹುದೇ?
— ತುಮಕೂರು

ಉತ್ತರ: ಬೇಡ. ನಡುಕ ನಿಂತರೂ ಅದರ ಕಾರಣ ಅಲ್ಲೇ ಇದೆ. ಬ್ಯಾಲೆನ್ಸ್ ತಪ್ಪಿದ ಚಕ್ರದ ಎಳೆತ ವೇಗದ ವರ್ಗದಂತೆ ಏರುತ್ತಲೇ ಇರುತ್ತದೆ. ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಗ ಆಟ ಹೋದರೆ ವೀಲ್ ಬೇರಿಂಗ್, ಉಳಿದರೆ ಕಿಂಗ್ ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲು) ಬುಷ್. ನಡುಕ ಸ್ಟೀರಿಂಗಿಗಿಂತ ಸೀಟಿನಲ್ಲಿ ಹೆಚ್ಚಿದ್ದರೆ ಪ್ರೊಪೆಲರ್ ಶಾಫ್ಟಿನ ಕ್ರಾಸ್ (ತುದಿಯ ಕೀಲು) ನೋಡಿ. ಮುಂದಿನ ಕ್ರಾಸ್ ಮುರಿದರೆ ಶಾಫ್ಟ್ ನೆಲಕ್ಕೆ ಚುಚ್ಚಿ ಕಾರನ್ನೇ ಎತ್ತಿಹಾಕುತ್ತದೆ. ಅದಕ್ಕೆ 6 ಮಿ.ಮೀ. ದಪ್ಪ, 50 ಮಿ.ಮೀ. ಅಗಲದ ಕಬ್ಬಿಣದ ಪಟ್ಟಿಯ ಬಳೆಯನ್ನು ಮುಂದಿನ ಕ್ರಾಸಿನಿಂದ 150 ಮಿ.ಮೀ. ಒಳಗೆ ಶಾಫ್ಟ್ ಸುತ್ತ ಕೂರಿಸಿ.

ಟೈರ್ ಪಕ್ಕದ ಕೊನೆಯ ನಾಲ್ಕು ಅಂಕಿ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದು, ರೀಸೋಲ್ ಮಾಡಿದ್ದು ಈ ಕೆಲಸಕ್ಕೆ ಬೇಡ. ಗಾಳಿ ದಿನಬಳಕೆಗಿಂತ 4–6 ಪಿಎಸ್‌ಐ ಹೆಚ್ಚಿರಲಿ, ಟೈರ್ ಮೇಲೆ ಬರೆದ ಮಿತಿ ಮೀರದಿರಲಿ.

ಪ್ರಶ್ನೆ: ರೋಲ್ ಕೇಜ್ (ಕಾರು ಮಗುಚಿದರೆ ಒಳಗಿದ್ದವರನ್ನು ಕಾಪಾಡುವ ಪೈಪಿನ ಚೌಕಟ್ಟು) ಹಾಕಿದರೆ ವಿಂಟೇಜ್ ನೋಂದಣಿಗೆ ತೊಂದರೆಯೇ? ಬೆಳಗಿನ ಜಾವ ಹೆದ್ದಾರಿಯಲ್ಲಿ ಪರೀಕ್ಷೆ ಮಾಡಬಹುದೇ?
— ಗೌರಿಬಿದನೂರು

ಉತ್ತರ: 50 ವರ್ಷ ದಾಟಿದ ಕಾರಿಗೆ 2021ರ ನಿಯಮದಂತೆ ವಿಂಟೇಜ್ ವಾಹನಗಳಿಗೆಂದೇ ಇರುವ ವಿಎ ಸರಣಿಯ ನಂಬರ್ ಸಿಗುತ್ತದೆ, ಆದರೆ ಕಾರು ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಕೂಡದು. ಹಾಗಾಗಿ ಬಾಡಿ ಕತ್ತರಿಸುವ ಮುನ್ನ ಕೇಜೋ ವಿಂಟೇಜ್ ನೋಂದಣಿಯೋ, ಯಾವುದು ಬೇಕೆಂದು ತೀರ್ಮಾನಿಸಿ. ಬೋಲ್ಟ್‌ನಲ್ಲಿ ಕೂರುವ ಕೇಜ್ ಆದರೆ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ ಸೀಮ್‌ಲೆಸ್ ಪೈಪ್; ಪ್ರತಿ ಕಾಲಿಗೂ 3 ಮಿ.ಮೀ. ದಪ್ಪ, 120 ಚದರ ಸೆಂ.ಮೀ. ಪ್ಲೇಟು, ಮೂರು ಎಂ8 ಬೋಲ್ಟ್. ಮೊದಲು ಫ್ಲೋರನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ತುಕ್ಕು ಹಿಡಿದ ತಗಡಿನ ಮೇಲೆ ಎಂಥ ಕೇಜ್ ಹಾಕಿದರೂ ಕಾರು ಮಗುಚಿದಾಗ ಅದರ ಕಾಲುಗಳು ಫ್ಲೋರ್ ಹರಿದು ಕೆಳಗಿಳಿಯುತ್ತವೆ.

ಹೆದ್ದಾರಿಯಲ್ಲಿ ಖಂಡಿತ ಬೇಡ. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ರಸ್ತೆಯಲ್ಲಿ ವೇಗಪರೀಕ್ಷೆ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಂನಂತೆ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಆ ಹೊತ್ತಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು, ಮಾರುಕಟ್ಟೆಗೆ ತರಕಾರಿ ಹೇರಿಕೊಂಡು ಲೈಟಿಲ್ಲದ ಗಾಡಿಗಳಲ್ಲಿ ಜನ ಅದೇ ರಸ್ತೆಗೆ ಬರುತ್ತಾರೆ.