45-70 ಲಿವರ್ ಕೋವಿ, ಜಿಂಕೆ ಬೇಟೆ: ತೋಟೆಗೆ ಯಾವ ಗುಂಡು ಹಾಕಲಿ, 300, 350, 405?

ಸ್ವಾಮಿ, ಮನೆಯಲ್ಲೇ ತೋಟೆ ತುಂಬಲು ಹೊರಟ ನೀವು ಕೇಳಿದ ಮೂರು ತೂಕದ ಗುಂಡುಗಳಲ್ಲಿ ಯಾವುದನ್ನು ಹಾಕಿದರೂ ಜಿಂಕೆ ಬೀಳುತ್ತದೆ. 300 ಗ್ರೇನ್ (ಗುಂಡು ತೂಗುವ ಅಳತೆ) ತೂಕದ, ಮೂತಿಯಲ್ಲಿ ಕುಳಿಯಿರುವ ಹಾಲೋ ಪಾಯಿಂಟ್, 350ರ ಚಪ್ಪಟೆ ಮೂತಿ, 405ರ ಎರಕದ ಗಟ್ಟಿ ಸೀಸ ಎಂದು ಪಟ್ಟಿ ಮಾಡಿಕೊಂಡು ಕೂತಿದ್ದೀರಲ್ಲ, ಏಳು ವರ್ಷದ ಹಿಂದೆ ಇದೇ ಪಟ್ಟಿ ನನ್ನ ಗ್ಯಾರೇಜಿನ ಗೋಡೆಗೂ ಅಂಟಿತ್ತು. ಅದೇ ಮಾರ್ಲಿನ್ 1895 ಲಿವರ್ ಕೋವಿ, ಅದೇ 45-70 ತೋಟೆ, ಮೊದಲ ಸಲ ಮನೆಯಲ್ಲಿ ತೋಟೆ ತುಂಬುವ ಅದೇ ಹುರುಪು. ಗುಂಡು ಆರಿಸುವುದರಲ್ಲಿ ನಾನೇನೂ ತಪ್ಪಲಿಲ್ಲ. ತಪ್ಪಿದ್ದು ಎರಡು ಮಿಲಿಮೀಟರಿನಲ್ಲಿ.

ನಾನು ಕೊಡಗಿನವನು. ಕೈಲ್ ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಕೋವಿಗೆ ತೋಕ್‌ಪೂ ಸಿಕ್ಕಿಸಿ, ಪೂಜೆ ಮುಗಿಸಿ, ತೆಂಗಿನಕಾಯಿಗೆ ಗುರಿ ಇಟ್ಟು ಬೆಳೆದವನು. ಬೇಟೆ ಮಾತ್ರ ಅಜ್ಜನ ಬಾಯಲ್ಲಿ ಕೇಳಿದ್ದಷ್ಟೇ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಕತೆಯಾಗಿಯೇ ಉಳಿಯಿತು. ಅಜ್ಜ ಕೇಪಿನ ಕೋವಿಯ ಕಾಲದವರು. ಮದ್ದು ಸುರಿದು, ನಾರು ತುರುಕಿ, ಗಜ ಎಂಬ ಕಡ್ಡಿಯಿಂದ ಜಡಿದು, ಗುಂಡು ಹಾಕಿ ಮತ್ತೆ ಜಡಿಯಬೇಕು. ಗಜ ನಳಿಗೆಯ ಬಾಯಿಯಿಂದ ಎಷ್ಟು ಬೆರಳು ಹೊರಗೆ ನಿಂತಿದೆ ಎಂದು ಅಳೆಯದೆ ಅವರು ಕೇಪು ಇಡುತ್ತಿರಲಿಲ್ಲವಂತೆ. ಅವರ ಮೊಮ್ಮಗನಾದ ನನ್ನ ಬಳಿ ಇಂಚಿನ ಸಾವಿರದಲ್ಲೊಂದು ಭಾಗ ತೋರಿಸುವ ಡಿಜಿಟಲ್ ಕ್ಯಾಲಿಪರ್ ಇತ್ತು. ಅಳೆದೂ ಕೆಟ್ಟೆ.

ಗ್ರೀನ್ ಕಾರ್ಡ್ ಬರುವವರೆಗೆ ಇಲ್ಲಿ ಅಮೆರಿಕದಲ್ಲಿ ನಾನು ಕೋವಿಯ ಗೋಜಿಗೇ ಹೋಗಿರಲಿಲ್ಲ. ಆಮೇಲೆ ಹಂಟರ್ ಎಜುಕೇಶನ್ ಕೋರ್ಸ್ ಮಾಡಿ ಲೈಸೆನ್ಸ್ ತೆಗೆದುಕೊಂಡೆ. ಓಹಾಯೋದಲ್ಲಿ ಜಿಂಕೆಗೆ ಬಾಟಲಿ ಕತ್ತಿನ ಕೇಸಿನ (ತೋಟೆಯ ಹಿತ್ತಾಳೆ ಕವಚ) ರೈಫಲ್ ನಡೆಯುವುದಿಲ್ಲ. 2014ರಿಂದ ನೇರ ಗೋಡೆಯ ಕೇಸಿನ ತೋಟೆಗಳಿಗೆ ಅನುಮತಿ ಬಂತು, ಅದರಲ್ಲಿ 45-70 ಕೂಡ ಇತ್ತು. 1873ರಲ್ಲಿ ಅಮೆರಿಕದ ಸೈನ್ಯಕ್ಕೆಂದು ಹುಟ್ಟಿದ ತೋಟೆ ಹೀಗೆ ನನ್ನಂಥ ಸಾಫ್ಟ್‌ವೇರಿನವನ ಕೈಗೆ ಬಂತು.

350 ಗ್ರೇನಿನ ತಾಮ್ರದ ಹೊದಿಕೆಯ ಚಪ್ಪಟೆ ಮೂತಿಯ ಗುಂಡು ಆರಿಸಿದೆ. ಒಳ್ಳೆಯ ಗುಂಡು, ಇವತ್ತಿಗೂ ಅದನ್ನೇ ಹಾಕುತ್ತೇನೆ. ತೋಟೆ ತುಂಬುವ ಕೈಪಿಡಿ ಪುಸ್ತಕ ಹೇಳಿದ ಅಳತೆಗೆ ತುಂಬಿದಾಗ ನೂರು ಗಜದಲ್ಲಿ ಮೂರು ಈಡು ಎರಡು ಇಂಚಿನೊಳಗೆ ಬಿದ್ದವು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಬೋಲ್ಟ್ ರೈಫಲಿನವರು ಮಾಡುವ ಒಂದು ಉಪಾಯ ಓದಿದ್ದೆ: ಗುಂಡನ್ನು ಕೇಸಿನೊಳಗೆ ಕಡಿಮೆ ಇಳಿಸಿ, ಮೂತಿ ನಳಿಗೆಯ ಸುರುಳಿಗೆರೆಯ ಹತ್ತಿರ ಬರುವಂತೆ ಮಾಡಿದರೆ ಗುರಿ ಇನ್ನೂ ಬಿಗಿಯಾಗುತ್ತದೆ. ಈ ತೋಟೆಯ ಒಟ್ಟು ಉದ್ದ 2.550 ಇಂಚು ಮೀರಬಾರದು. ನಾನು 2.620ಕ್ಕೆ ಒಯ್ದೆ. ಈಡುಗಳು ಒಂದು ಇಂಚಿಗೆ ಬಂದವು. ಆ ಕಾಗದದ ಗುರಿಯ ಫೋಟೋ ತೆಗೆದು ಮಡಿಕೇರಿಯ ತಮ್ಮನಿಗೂ ಕಳಿಸಿದೆ.

ಈಗ ಲಿವರ್ ಕೋವಿಯ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂದು ಹೇಳಲೇಬೇಕು. ಬೇಜಾರಾದರೂ ಓದಿ, ನನ್ನ ತಪ್ಪೆಲ್ಲ ಇರುವುದು ಇಲ್ಲೇ. ನಳಿಗೆಯ ಕೆಳಗಿನ ಕೊಳವೆಯೇ ಮ್ಯಾಗಝಿನ್. ತೋಟೆಗಳು ಅದರಲ್ಲಿ ಒಂದರ ಹಿಂದೆ ಒಂದು ಮಲಗಿರುತ್ತವೆ, ಸ್ಪ್ರಿಂಗ್ ಅವನ್ನು ಹಿಂದಕ್ಕೆ ದೂಡುತ್ತಿರುತ್ತದೆ. ಟ್ರಿಗರಿನ ಸುತ್ತ ಇರುವ ಹಿಡಿ, ಅಂದರೆ ಲಿವರ್, ಎಳೆದಾಗ ಒಂದು ತೋಟೆ ಪೂರ್ತಿ ಹೊರಗೆ ಜಾರಿ ಕ್ಯಾರಿಯರ್ ಎಂಬ ಪುಟ್ಟ ತೊಟ್ಟಿಲಲ್ಲಿ ಮಲಗಬೇಕು. ತೊಟ್ಟಿಲು ಮೇಲೆದ್ದು ಅದನ್ನು ಚೇಂಬರಿನ, ಅಂದರೆ ನಳಿಗೆಯ ಹಿಂಬದಿಯ ಗೂಡಿನ, ಬಾಯಿಗೆ ಒಡ್ಡುತ್ತದೆ. ತೋಟೆ ಉದ್ದವಾದರೆ ಅದರ ಬುಡ ತೊಟ್ಟಿಲಲ್ಲಿ, ಮೂತಿ ಇನ್ನೂ ಕೊಳವೆಯೊಳಗೆ. ತೊಟ್ಟಿಲು ಏಳುವುದಿಲ್ಲ, ಲಿವರ್ ಮುಚ್ಚುವುದಿಲ್ಲ. ಮುಗಿಯಿತು.

ಇದು ರೇಂಜಿನಲ್ಲಿ ನನಗೇಕೆ ಗೊತ್ತಾಗಲಿಲ್ಲ? ಒಂದೊಂದೇ ತೋಟೆಯನ್ನು ಪಕ್ಕದ ಕಿಂಡಿಯಿಂದ ಬೆರಳಲ್ಲಿ ನೇರ ಚೇಂಬರಿಗೆ ತಳ್ಳಿ ಹೊಡೆಯುತ್ತಿದ್ದೆ. ಐವತ್ತು ಅರವತ್ತು ಈಡು ಹಾಗೇ ಹೊಡೆದಿದ್ದೇನೆ. ಒಂದು ಸಲವೂ, ಒಂದೇ ಒಂದು ಸಲವೂ, ಮ್ಯಾಗಝಿನ್ ತುಂಬಿ ಲಿವರ್ ಆಡಿಸಿ ನೋಡಲಿಲ್ಲ. ಲಿವರ್ ಕೋವಿ ಕೊಂಡವನು ಲಿವರನ್ನೇ ಪರೀಕ್ಷೆ ಮಾಡಲಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ?

ಅದೇ ತಪ್ಪಿಗೆ ಇನ್ನೊಂದು ಬಾಲ ಇತ್ತು. ಗುಂಡಿನ ಸೊಂಟದಲ್ಲಿ ಗೀರು ಗೀರಾದ ಒಂದು ಉಂಗುರ ಇರುತ್ತದೆ ನೋಡಿ, ಕ್ಯಾನೆಲ್ಯೂರ್ ಅನ್ನುತ್ತಾರೆ, ಅದು ಅಲಂಕಾರಕ್ಕಲ್ಲ. ಕೇಸಿನ ಬಾಯಿ ಸರಿಯಾಗಿ ಅಲ್ಲಿಗೆ ಬರಬೇಕು, ಕ್ರಿಂಪ್ ಡೈ ಎಂಬ ಅಚ್ಚು ಆ ಬಾಯಿಯನ್ನು ಒಳಕ್ಕೆ ಮಡಚಿ ಉಂಗುರದಲ್ಲಿ ಕಚ್ಚಿಸಬೇಕು. ನಾನು ಗುಂಡನ್ನು ಮೇಲಕ್ಕೆ ಇಟ್ಟಿದ್ದರಿಂದ ಉಂಗುರ ಹೊರಗೇ ಉಳಿಯಿತು, ಮಡಚಲು ಜಾಗವಿಲ್ಲ. ಸರಿ, ಕ್ರಿಂಪೇ ಬೇಡ ಅಂದುಕೊಂಡೆ. ಗುಂಡು ಇಳಿಸಲೆಂದು ಅಗಲಿಸಿದ್ದ ಕೇಸಿನ ಬಾಯನ್ನು ಅರೆಬರೆ ಮುಚ್ಚಿ ಬಿಟ್ಟೆ.

ಥ್ಯಾಂಕ್ಸ್‌ಗಿವಿಂಗ್ ಮುಗಿದ ಸೋಮವಾರ ಗನ್ ಸೀಸನ್ ಶುರು. ವೇನ್ ನ್ಯಾಷನಲ್ ಫಾರೆಸ್ಟಿನ ಒಂದು ಗುಡ್ಡದ ಇಳಿಜಾರಿನಲ್ಲಿ ಓಕ್ ಮರಕ್ಕೆ ಒರಗಿ ಕೂತಿದ್ದೆ. ಕೋವಿಯಲ್ಲಿ ಒಟ್ಟು ಮೂರೇ ತೋಟೆ ಇರಬೇಕೆಂಬುದು ಇಲ್ಲಿಯ ನಿಯಮ. ಎರಡನ್ನು ಮ್ಯಾಗಝಿನ್ನಿಗೆ ಹಾಕಿ, ಒಂದನ್ನು ಅಭ್ಯಾಸಬಲದಿಂದ ಕಿಂಡಿಯಲ್ಲೇ ತಳ್ಳಿದೆ. ಆಗಲಾದರೂ ಲಿವರ್ ಎಳೆದು ತುಂಬಿಸಿದ್ದರೆ ಅಲ್ಲೇ ಸಿಕ್ಕಿಕೊಂಡು ಕತೆ ಬೇರೆಯಾಗುತ್ತಿತ್ತು.

ಎಂಟು ಗಂಟೆಯ ಹೊತ್ತಿಗೆ ಅರವತ್ತು ಗಜದಲ್ಲಿ ಒಂದು ಗಂಡು ಬಂತು. ಎದೆ ಬಡಿತಕ್ಕೆ ಕೈ ನಡುಗಿ ಈಡು ಒಂದು ಗೇಣು ಹಿಂದಕ್ಕೆ ಬಿತ್ತು. ಅದು ನನ್ನ ಕೈಯ ತಪ್ಪು, ಗುಂಡಿನದಲ್ಲ. ಇಂಥದ್ದು ಬೇಟೆಯಾಡುವ ಯಾರಿಗಾದರೂ ಒಂದಲ್ಲ ಒಂದು ದಿನ ಆಗುತ್ತದೆ, ಎರಡನೇ ಈಡು ಇರುವುದೇ ಅದಕ್ಕೆ. ಜಿಂಕೆ ಬೆನ್ನು ಬಾಗಿಸಿ, ನಾಲ್ಕು ಹೆಜ್ಜೆ ನಡೆದು, ನಿಂತಿತು. ಪಕ್ಕೆಯನ್ನು ಪೂರ್ತಿ ನನ್ನ ಕಡೆಗೆ ತಿರುಗಿಸಿ ನಿಂತಿತ್ತು. ಲಿವರ್ ಎಳೆದೆ. ಖಾಲಿ ಕೇಸು ಹಾರಿತು. ವಾಪಸ್ ತಳ್ಳಿದರೆ ಅರ್ಧಕ್ಕೆ ನಿಂತಿತು. ಮತ್ತೆ ಎಳೆದೆ, ಮತ್ತೆ ತಳ್ಳಿದೆ. ಜಿಂಕೆ ಅಷ್ಟೂ ಹೊತ್ತು ನಿಂತೇ ಇತ್ತು. ಆಮೇಲೆ ನಿಧಾನಕ್ಕೆ ಗುಡ್ಡ ಇಳಿದು ಹೋಯಿತು.

ಬಿದ್ದ ರಕ್ತ ಕಪ್ಪಗಿತ್ತು, ಹಸಿರು ನಾರಿನ ವಾಸನೆ. ಹೊಟ್ಟೆಗೆ ಬಿದ್ದಿದೆ ಎಂದು ಗೊತ್ತಾಯಿತು. ಬೆನ್ನಟ್ಟಿದರೆ ಇನ್ನೂ ದೂರ ಓಡುತ್ತದೆಂದು ಕಲಿಸಿದ್ದರು, ಆರು ಗಂಟೆ ಕಾದೆ. ಐದನೇ ಗಂಟೆಗೆ ಮಳೆ ಹಿಡಿಯಿತು. ಬಾಯಿ ತೆರೆದ ಲಿವರಿನ ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಕತ್ತಲಾಗುವವರೆಗೆ, ಮರುದಿನ ಮಧ್ಯಾಹ್ನದವರೆಗೆ ಹುಡುಕಿದೆ. ಮೂರನೇ ದಿನ ಕಾಗೆಗಳು ತೋರಿಸಿದವು. ತೋಳದಂಥ ಕಯೋಟಿಗಳು ತಿಂದು ಮುಗಿಸಿದ್ದವು. ಮಾಂಸದಡುಗೆಗೆಂದು ಊರಿಂದ ತಂದ ಕಾಚಂಪುಳಿ ಬಾಟಲಿ ಆ ಚಳಿಗಾಲವೆಲ್ಲ ಅಡುಗೆಮನೆಯಲ್ಲಿ ಹಾಗೇ ಇತ್ತು. ಹೆಂಡತಿ ಅದರ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಸಿಕ್ಕಿದ ತೋಟೆ ಹೊರಬಂದದ್ದು ಮನೆಯಲ್ಲಿ, ಲಿವರಿನ ಸ್ಕ್ರೂ ಬಿಚ್ಚಿ, ಲಿವರ್, ಬೋಲ್ಟ್ ಎರಡನ್ನೂ ಹೊರಗೆಳೆದ ಮೇಲೆ. ಕೊಳವೆಯಲ್ಲಿ ಉಳಿದಿದ್ದ ಇನ್ನೊಂದನ್ನು ಹಿಡಿದು ನೋಡಿದರೆ ಗುಂಡು ಕೇಸಿನೊಳಗೆ ಬೆರಳಲ್ಲೇ ತಿರುಗುತ್ತಿತ್ತು. ಪಕ್ಕದ ಮನೆಯ ಮುದುಕರು ನಲವತ್ತು ವರ್ಷದಿಂದ ಲಿವರ್ ಕೋವಿ ಹಿಡಿದವರು. ಎಲ್ಲ ಕೇಳಿಸಿಕೊಂಡು, "ಮ್ಯಾಗಝಿನ್ನಿಂದ ಓಡಿಸಿ ನೋಡಿದ್ದೆಯಾ?" ಎಂದರು. ಇಲ್ಲ ಅಂದೆ. ಕಾಫಿ ಕುಡಿದು ಎದ್ದು ಹೋದರು.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಲೆಕೆಳಗು ಅನ್ನುತ್ತೇನೆ, ಕೋಪಿಸಿಕೊಳ್ಳಬೇಡಿ. ಗುಂಡು ಆರಿಸಿ ಆಮೇಲೆ ಕೋವಿಗೆ ಹೊಂದಿಸುವುದಲ್ಲ. ನಿಮ್ಮ ಕೋವಿಯ ತೊಟ್ಟಿಲಿಗೆ ಹೊಂದುವ, ಉಂಗುರದಲ್ಲಿ ಬಿಗಿಯಾಗಿ ಕ್ರಿಂಪ್ ಆಗುವ, ಚಪ್ಪಟೆ ಮೂತಿಯ ಗುಂಡು ಯಾವುದೋ ಅದೇ ಒಳ್ಳೆಯ ಗುಂಡು. ಚೂಪು ಮೂತಿಯದನ್ನಂತೂ ಮುಟ್ಟಬೇಡಿ. ಕೊಳವೆಯಲ್ಲಿ ಹಿಂದಿನ ತೋಟೆಯ ಮೂತಿ ಮುಂದಿನದರ ಬುಡದಲ್ಲಿರುವ, ಕಿಡಿ ಹೊತ್ತಿಸುವ ಪ್ರೈಮರ್‌ಗೆ ಒತ್ತಿಕೊಂಡಿರುತ್ತದೆ, ಕೋವಿ ಒದ್ದಾಗ ಒಳಗೇ ಸಿಡಿದರೆ ನಿಮ್ಮ ಎಡಗೈ ಇರುವುದು ಸರಿಯಾಗಿ ಅದರ ಕೆಳಗೆ. ಮೆತ್ತನೆಯ ರಬ್ಬರಿನಂಥ ತುದಿಯ ಹಾರ್ನಡಿ ಎಫ್‌ಟಿಎಕ್ಸ್ ಇದಕ್ಕೆಂದೇ ಮಾಡಿದ್ದು, ಆದರೆ 45-70ರಲ್ಲಿ ಅದಕ್ಕೆ ಕೇಸನ್ನೇ ಗಿಡ್ಡ ಕತ್ತರಿಸಬೇಕು. ಮೊದಲ ವರ್ಷವೇ ಆ ರಗಳೆ ಬೇಡ.

ಇನ್ನು ನಿಮ್ಮ ಮೂರರ ವಿಚಾರ. 300ರ ಹಾಲೋ ಪಾಯಿಂಟನ್ನು ಜೋರಾಗಿ ಓಡಿಸಿದರೆ ಹತ್ತಿರದ ಜಿಂಕೆಯ ಮುಂದೊಡೆ ಪಲ್ಯವಾಗುತ್ತದೆ. 405ರ ಗಟ್ಟಿ ಸೀಸ ಅರಳದೆ ಸೂಜಿಯಂತೆ ಆಚೆ ಹೋಗುತ್ತದೆ, ಅದು ಕರಡಿ, ಕಾಡೆಮ್ಮೆಗಳ ಯೋಚನೆ. ಅದೇ ತೂಕದ ಮೆತ್ತನೆ ಮೂತಿಯದು ಸೆಕೆಂಡಿಗೆ 1,330 ಅಡಿಯ ಹಳೇ ವೇಗದಲ್ಲೂ ಜಿಂಕೆಗೆ ಧಾರಾಳವಾಯಿತು, ಭುಜಕ್ಕೂ ಹಿತ. ನೂರು ಗಜಕ್ಕೆ ಗುರಿ ಕಟ್ಟಿದರೆ ಇನ್ನೂರಕ್ಕೆ ಎರಡಡಿ ಕೆಳಗೆ ಬೀಳುತ್ತದೆ ನಿಜ, ಇನ್ನೂರಕ್ಕೆ ಹೊಡೆಯಬೇಡಿ. ನನ್ನ ಆಯ್ಕೆ ಹೇಳಿದೆನಲ್ಲ, 350.

ಮದ್ದಿನ ತೂಕ ನನ್ನನ್ನು ಕೇಳಬೇಡಿ, ಬೇರೆ ಯಾರನ್ನೂ ಕೇಳಬೇಡಿ. ಪುಸ್ತಕ ತೆರೆಯಿರಿ. ಈ ತೋಟೆಗೆ ಅದರಲ್ಲಿ ಮೂರು ಬೇರೆ ಬೇರೆ ಪುಟಗಳಿರುತ್ತವೆ: ಹಳೇ ಟ್ರ್ಯಾಪ್‌ಡೋರ್ ಕೋವಿಗೆ, ಮಾರ್ಲಿನ್ನಿನಂಥ ಲಿವರ್ ಕೋವಿಗೆ, ರೂಗರ್ ನಂಬರ್ ಒನ್‌ನಂಥ ಗಟ್ಟಿಮುಟ್ಟಾದವಕ್ಕೆ. ಮೂರನೆಯ ಪುಟವನ್ನು ಪಿನ್ ಹೊಡೆದು ಮುಚ್ಚಿಬಿಡಿ. ಕೇಸು ದೊಡ್ಡದು, ಕೆಲವು ಮದ್ದುಗಳು ಎರಡು ಸಲ ಬಿದ್ದರೂ ತುಳುಕುವುದಿಲ್ಲ. ಗುಂಡು ಇಡುವ ಮೊದಲು ಪ್ರತಿ ಕೇಸಿನೊಳಗೂ ಟಾರ್ಚ್ ಬಿಟ್ಟು ನೋಡಿ.

ಈಗ ನಾನು ಮಾಡುವುದು ಇಷ್ಟು: ಮದ್ದೂ ಪ್ರೈಮರೂ ಇಲ್ಲದ ಮೂರು ಸುಳ್ಳು ತೋಟೆ ಮಾಡಿ, ಮ್ಯಾಗಝಿನ್ ತುಂಬಿ, ಲಿವರನ್ನು ಒಮ್ಮೆ ಮೆಲ್ಲಗೆ, ಒಮ್ಮೆ ಸಿಟ್ಟಿನಿಂದ ಆಡಿಸುತ್ತೇನೆ. ಅವು ಸಲೀಸಾಗಿ ಓಡಿದ ಮೇಲೆಯೇ ಮದ್ದಿನ ಡಬ್ಬಿ ತೆರೆಯುವುದು. ರೇಂಜಿನಲ್ಲಿ ಮೂರು ತುಂಬಿ ಎರಡು ಹೊಡೆದು, ಉಳಿದ ಒಂದನ್ನು ಹೊರತೆಗೆದು ಮತ್ತೆ ಅಳೆಯುತ್ತೇನೆ. ಗುಂಡು ಕೂದಲೆಳೆಯಷ್ಟು ಜರುಗಿದ್ದರೂ ಕ್ರಿಂಪ್ ಸಾಲದು. ಈಡುಗಳು ಮತ್ತೆ ಎರಡು ಇಂಚಿಗೆ ಬಂದು ನಿಂತಿವೆ. ಜಿಂಕೆಯ ಎದೆಗೂಡು ಊಟದ ತಟ್ಟೆಯಷ್ಟು ಅಗಲ, ಎರಡು ಇಂಚು ಸಾಕು.

ಅಂದಹಾಗೆ, ನೀವು ತಂದಿರುವ ಡೈಗಳ ಪಟ್ಟಿಯಲ್ಲಿ ಕ್ರಿಂಪ್ ಬಗ್ಗೆ ಏನೂ ಬರೆದಿಲ್ಲ. ಗುಂಡನ್ನು ಕೇಸಿಗೆ ಇಳಿಸುವ ಸೀಟಿಂಗ್ ಡೈಯಲ್ಲೇ ಮಡಚುವ ಅಂಚು ಇದೆಯೇ ನೋಡಿ, ಇಲ್ಲದಿದ್ದರೆ ಬೇರೆ ಕ್ರಿಂಪ್ ಡೈ ತರಿಸಿ. ಗುಂಡಿನ ಡಬ್ಬಿ ಆಮೇಲೆ ಕೊಂಡರಾಯಿತು.