ಓದುಗರ ಪ್ರಶ್ನೆ: ಕೆಲಸದ ಜೊತೆಗೆ ಪಬ್ಲಿಕ್ ಪಾಲಿಸಿ ಓದು

ಪ್ರಶ್ನೆ: ಮೇಡಂ, ನನಗೀಗ ಮೂವತ್ತೆಂಟು ವರ್ಷ. ದೊಡ್ಡ ಆಸ್ಪತ್ರೆಯೊಂದರ ರೆಕಾರ್ಡ್ಸ್ ವಿಭಾಗದಲ್ಲಿ ಕೆಲಸ. ಅಂತರರಾಷ್ಟ್ರೀಯ ಪಬ್ಲಿಕ್ ಪಾಲಿಸಿಯಲ್ಲಿ ಪಾರ್ಟ್ ಟೈಮ್ ಮಾಸ್ಟರ್ಸ್ ಮಾಡಬೇಕೆಂಬುದು ಬಹಳ ದಿನದ ಆಸೆ. ಆದರೆ ಅಲ್ಲಿಗೆ ರಾಯಭಾರ ಕಚೇರಿಯವರು, ದೊಡ್ಡ ದೊಡ್ಡ ಸಂಸ್ಥೆಗಳವರು ಬರುತ್ತಾರಂತೆ. ಡಿಸ್ಚಾರ್ಜ್ ಫೈಲು, ಕಾಯಿಲೆಗಳ ವಾರದ ವರದಿ ನೋಡಿಕೊಳ್ಳುವ ನಾನು ಅವರ ಮಧ್ಯೆ ಏನು ಮಾತಾಡಲಿ? ವಾರಕ್ಕೆ ಎಷ್ಟು ಹೊತ್ತು ಓದಬೇಕಾಗುತ್ತದೆ? – ಎಸ್.ಎಂ.

ಉತ್ತರ: ಮೊದಲು ಹೊತ್ತಿನ ಲೆಕ್ಕ ಮುಗಿಸಿಬಿಡೋಣ. ಉದಾಹರಣೆಗೆ ಬ್ರಿಟನ್ನಿನದನ್ನೇ ತೆಗೆದುಕೊಳ್ಳಿ, ಅಲ್ಲಿನ ಮಾಸ್ಟರ್ಸ್ ಪದವಿಗೆ ಸಾಮಾನ್ಯವಾಗಿ 180 ಕ್ರೆಡಿಟ್. ಒಂದು ಕ್ರೆಡಿಟ್ಟಿಗೆ 10 ಗಂಟೆಯ ಓದು ಅಂತ ಅಲ್ಲಿನ ಲೆಕ್ಕ. ಒಟ್ಟು 1,800 ಗಂಟೆ. ಎರಡು ವರ್ಷಕ್ಕೆ ಹಂಚಿದರೆ ವಾರಕ್ಕೆ ಸುಮಾರು 17 ಗಂಟೆ, ಅದೂ ಒಂದು ವಾರವೂ ಬಿಡುವು ತೆಗೆದುಕೊಳ್ಳದಿದ್ದರೆ. ಇಷ್ಟು ಹೊತ್ತು ಸಂಜೆಗಳಲ್ಲಿ ಚೂರುಚೂರಾಗಿ ಹುಡುಕಿದರೆ ಸಿಗುವುದಿಲ್ಲ. ವಾರದ ರಜಾದಿನವನ್ನು ಇಡಿಯಾಗಿ ಓದಿಗೇ ಎತ್ತಿಡಿ, ಉಳಿದ ದಿನ ಬೆಳಗಿನ ಒಂದೆರಡು ತಾಸು. ಮನೆಯವರ ಹತ್ತಿರ ಈ ಮಾತು ಅರ್ಜಿ ಹಾಕುವ ಮೊದಲೇ ಆಗಬೇಕು. ಫೀಸ್ ಕಟ್ಟಿದ ಮೇಲೆ ಹೇಳಿದರೆ ಎರಡು ವರ್ಷವೂ ಅದೇ ಜಗಳ.

ಈಗ ಅಸಲಿ ವಿಷಯ. ಏನು ಮಾತಾಡಲಿ ಅಂತ ಕೇಳಿದ್ದೀರಿ. ಆ ವಾರದ ವರದಿ ಇದೆಯಲ್ಲ, ಅದರ ಬಗ್ಗೆಯೇ ಮಾತಾಡಿ.

ಸುಮ್ನೆ ಧೈರ್ಯ ತುಂಬಲು ಹೇಳುತ್ತಿಲ್ಲ. ನಾನು ಅಂಚೆ ಇಲಾಖೆಯ ವಿದೇಶಿ ಪಾರ್ಸೆಲ್ ಕೌಂಟರಿನಲ್ಲಿ ಕೆಲಸ ಮಾಡುತ್ತಲೇ ಈ ಪದವಿ ಓದಿದವಳು. ನನ್ನ ಕೈಯಲ್ಲಿ ದಿನವೂ ಓಡಾಡುತ್ತಿದ್ದದ್ದು ಸಿಎನ್ 22 ಎಂಬ ಪುಟ್ಟ ಕಸ್ಟಮ್ಸ್ ಚೀಟಿ. ಪ್ಯಾಕೆಟ್ಟಿನ ಒಳಗೆ ಏನಿದೆ, ಉಡುಗೊರೆಯೋ ಮಾರಾಟದ ಮಾಲೋ, ತೂಕ ಎಷ್ಟು, ಬೆಲೆ ಎಷ್ಟು, ಕೆಳಗೆ ಕಳಿಸಿದವರ ಸಹಿ. ಜಗತ್ತಿನ ಯಾವ ಅಂಚೆ ಕಚೇರಿಗೆ ಹೋದರೂ ಆ ಚೀಟಿ ಕೇಳುವುದು ಇದನ್ನೇ. ಎಲ್ಲರೂ ಒಂದೇ ಚೀಟಿಗೆ ಒಪ್ಪಿದ್ದು ಹೇಗೆ? ಅದನ್ನು ಹಿಡಿದು ಹೋದರೆ ವಿಶ್ವ ಅಂಚೆ ಒಕ್ಕೂಟ ಸಿಗುತ್ತದೆ. 1874ರಲ್ಲಿ ಬರ್ನ್‌ನಲ್ಲಿ ಹುಟ್ಟಿದ್ದು, ವಿಶ್ವಸಂಸ್ಥೆಗಿಂತ ಎಷ್ಟೋ ಹಳೆಯದು.

ಇನ್ನೂ ಸ್ವಲ್ಪ ಒಳಗೆ ಹೋದರೆ ಟರ್ಮಿನಲ್ ಡ್ಯೂಸ್ ಎಂಬ ದೊಡ್ಡ ಜಗಳವೇ ಇದೆ. ಸ್ಟಾಂಪಿನ ದುಡ್ಡು ಹೋಗುವುದು ಕಳಿಸಿದ ದೇಶದ ಅಂಚೆಗೆ. ಮನೆ ಬಾಗಿಲಿಗೆ ಮುಟ್ಟಿಸುವ ಕೆಲಸ ಮಾತ್ರ ಇನ್ನೊಂದು ದೇಶದ್ದು. ಆ ಕೆಲಸಕ್ಕೆ ಕೊಡಬೇಕಾದ ದರ ಎಷ್ಟೆಂದು ನಿಗದಿ ಮಾಡುವುದು ಈ ಒಕ್ಕೂಟ. ಚೀನಾದಿಂದ ಬರುವ ಸಣ್ಣ ಪ್ಯಾಕೆಟ್ಟುಗಳಿಗೆ ಈ ದರ ತೀರಾ ಕಡಿಮೆ, ನಮ್ಮ ವ್ಯಾಪಾರಿಗಳಿಗೆ ಅನ್ಯಾಯ ಎಂದು ಅಮೆರಿಕ ತಕರಾರು ತೆಗೆಯಿತು. 2018ರ ಅಕ್ಟೋಬರಿನಲ್ಲಿ ಒಕ್ಕೂಟ ಬಿಡುವುದಾಗಿ ನೋಟಿಸ್ ಕೊಟ್ಟಿತು. 2019ರ ಸೆಪ್ಟೆಂಬರಿನಲ್ಲಿ ಜಿನೀವಾದ ವಿಶೇಷ ಸಭೆಯಲ್ಲಿ, ದೇಶಗಳು ತಮ್ಮ ದರವನ್ನು ತಾವೇ ಘೋಷಿಸಿಕೊಳ್ಳಲು ದಾರಿ ಮಾಡಿಕೊಟ್ಟ ಮೇಲೆ ಅಮೆರಿಕ ಉಳಿಯಿತು. ನಾನು ತರಗತಿಯಲ್ಲಿ ಇದನ್ನು ಹೇಳಿದಾಗ ರಾಯಭಾರ ಕಚೇರಿಯವರೇ ನೋಟ್ಸ್ ಬರೆದುಕೊಂಡರು. ಅವರು ಒಪ್ಪಂದಕ್ಕೆ ಸಹಿ ಬೀಳುವ ಕಡೆಯಿಂದ ನೋಡುತ್ತಿದ್ದರು. ನಾನು ನೋಡುತ್ತಿದ್ದದ್ದು ಅದು ಜಾರಿಯಾಗುವ ಕಡೆಯಿಂದ.

ನಿಮ್ಮ ವರದಿಯೂ ಹಾಗೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ ಓದಿ. ಎಂಥ ಕಾಯಿಲೆ ಕಂಡರೆ ದೇಶಗಳು ಸಂಸ್ಥೆಗೆ ತಿಳಿಸಬೇಕು ಎಂದು ಹೇಳುವುದು ಅದೇ. ಹಳೆಯ ನಿಯಮಾವಳಿ ಕೊನೆಗೆ ಕಾಲರಾ, ಪ್ಲೇಗ್, ಹಳದಿ ಜ್ವರ ಈ ಮೂರಕ್ಕೇ ನಿಂತುಹೋಗಿತ್ತು. ಸಾರ್ಸ್ ಎಂಬ ಉಸಿರಾಟದ ಸಾಂಕ್ರಾಮಿಕ ಕಾಯಿಲೆ ಬಂದು ಹೋದ ಮೇಲೆ 2005ರಲ್ಲಿ ಹೊಸದು ಒಪ್ಪಿಗೆಯಾಯಿತು, 2007ರಲ್ಲಿ ಜಾರಿಗೆ ಬಂತು. ಅದರ ಎರಡನೇ ಅನುಬಂಧವನ್ನು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟುಕೊಳ್ಳಿ. ಸಿಡುಬು, ಸಾರ್ಸ್‌ನಂಥ ಕೆಲವನ್ನು ಯೋಚನೆ ಮಾಡದೆ ತಿಳಿಸಲೇಬೇಕು. ಉಳಿದವಕ್ಕೆ ನಾಲ್ಕು ಪ್ರಶ್ನೆ. ಜನರ ಆರೋಗ್ಯದ ಮೇಲೆ ಪರಿಣಾಮ ಗಂಭೀರವೇ? ಇದು ಅಪರೂಪದ್ದೇ, ನಿರೀಕ್ಷೆ ಮಾಡದ್ದೇ? ಬೇರೆ ದೇಶಕ್ಕೆ ಹರಡುವ ಅಪಾಯ ಇದೆಯೇ? ಪ್ರಯಾಣ, ವ್ಯಾಪಾರಕ್ಕೆ ನಿರ್ಬಂಧ ಬೀಳುವ ಅಪಾಯ ಇದೆಯೇ? ಇವುಗಳಲ್ಲಿ ಎರಡಕ್ಕೆ ಹೌದು ಅಂತಾದರೆ, ಆ ನಿರ್ಧಾರಕ್ಕೆ ಬಂದ 24 ಗಂಟೆಯೊಳಗೆ ದೇಶವು ಸಂಸ್ಥೆಗೆ ತಿಳಿಸಬೇಕು.

ನಾಲ್ಕನೇ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ತಿಳಿಸಲು ದೇಶಗಳು ಹಿಂಜರಿಯುವುದೂ ಅದೇ ಕಾರಣಕ್ಕೆ. 2021ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾ ಕೋವಿಡ್‌ನ ಹೊಸ ರೂಪ ಒಮಿಕ್ರಾನ್ ಬಗ್ಗೆ ತಡಮಾಡದೆ ತಿಳಿಸಿತು. ಕೆಲವೇ ದಿನಗಳಲ್ಲಿ ಎಷ್ಟೋ ದೇಶಗಳು ಅಲ್ಲಿಂದ ಬರುವ ವಿಮಾನಗಳನ್ನು ನಿಲ್ಲಿಸಿಬಿಟ್ಟವು. ನಿಜ ಹೇಳಿದವರಿಗೇ ಪೆಟ್ಟು ಬಿದ್ದರೆ ಮುಂದಿನ ಸಲ ಯಾರು ಬೇಗ ಹೇಳುತ್ತಾರೆ? ಅಂತರರಾಷ್ಟ್ರೀಯ ನೀತಿಯ ಓದೆಂದರೆ ಬಹುಪಾಲು ಇಂಥ ಪ್ರಶ್ನೆಯೇ. ಮೇಲೆ ಪೊಲೀಸರಿಲ್ಲ, ನಿಯಮ ಇದೆ, ಪಾಲಿಸುವವರಿಗೆ ನಷ್ಟವಾಗದ ಹಾಗೆ ಅದನ್ನು ಕಟ್ಟುವುದು ಹೇಗೆ?

ಒಂದು ಕಾಯಿಲೆಯ ಸುದ್ದಿ ವಾರ್ಡಿನಿಂದ ನಿಮ್ಮ ಮೇಜಿಗೆ ಬರಲು ಎಷ್ಟು ಹೊತ್ತು ಬೇಕು, ಅಲ್ಲಿಂದ ಮೇಲಕ್ಕೆ ಹೋಗಲು ಎಷ್ಟು, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಇದೆಲ್ಲ ನಿಮಗೆ ಗೊತ್ತು. ಆ 24 ಗಂಟೆಯ ಹಿಂದೆ ಇರುವ ಗಂಟೆಗಳು ಅವು. ರೋಗಿಗಳ ಹೆಸರು, ಫೈಲು ಯಾವುದನ್ನೂ ತರಗತಿಗೆ ಒಯ್ಯಬೇಡಿ, ಕೆಲಸ ಸಾಗುವ ದಾರಿ ಹೇಳಿದರೆ ಸಾಕು. ಖಂಡಿತ ಅರ್ಜಿ ಹಾಕಿ.

ಪ್ರಶ್ನೆ: ನಾನು ಸಾಹಿತ್ಯ ಓದಿದವನು, ಈಗ ಒಂದು ಸೇವಾ ಸಂಸ್ಥೆಯಲ್ಲಿ ಕೆಲಸ. ಕೋರ್ಸಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಡ್ಡಾಯ ಎಂದು ನೋಡಿ ಭಯವಾಗಿದೆ. ಅದಿಲ್ಲದ ಕೋರ್ಸ್ ಹುಡುಕಲೇ? – ಹೆಸರು ಬೇಡ

ಉತ್ತರ: ಬೇಡಪ್ಪ, ಹುಡುಕಬೇಡಿ. ಅದಿಲ್ಲದೆ ಪದವಿ ಸಿಕ್ಕಬಹುದು, ಆದರೆ ಬೇರೆಯವರು ಹಾಕಿದ ಅಂಕಿಗೆ ಜೀವನಪೂರ್ತಿ ತಲೆಯಾಡಿಸಬೇಕಾಗುತ್ತದೆ. ನಿಮ್ಮಿಂದ ಯಾರೂ ಸೂತ್ರ ಕಂಡುಹಿಡಿಸುವುದಿಲ್ಲ. ರಿಗ್ರೆಷನ್ ಟೇಬಲ್, ಅಂದರೆ ಒಂದು ಸಂಗತಿಗೂ ಇನ್ನೊಂದಕ್ಕೂ ಎಷ್ಟು ನಂಟಿದೆ ಎಂದು ಅಂಕಿಗಳಲ್ಲಿ ತೋರಿಸುವ ಪಟ್ಟಿ, ಓದಲು ಬರಬೇಕು, ಅದು ಹೇಳದೇ ಇರುವುದೇನು ಎಂದು ಕೇಳಲು ಬರಬೇಕು, ಅಷ್ಟೇ.

ಉದಾಹರಣೆಗೆ, ಒಂದು ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳಲ್ಲಿ ಮಾಲಿನ್ಯ ಕಡಿಮೆ ಎಂದು ಟೇಬಲ್ ತೋರಿಸುತ್ತದೆ ಅಂದುಕೊಳ್ಳಿ. ಒಪ್ಪಂದದಿಂದ ಕಡಿಮೆಯಾಯಿತೋ, ಅಥವಾ ಹೇಗಿದ್ದರೂ ಕಡಿಮೆ ಮಾಡಲಿದ್ದ ದೇಶಗಳೇ ಸಹಿ ಹಾಕಿದವೋ? ಎರಡಕ್ಕೂ ಬಹಳ ವ್ಯತ್ಯಾಸ ಇದೆ ಅಲ್ವಾ? ಸಾಹಿತ್ಯ ಓದಿದವರಿಗೆ ಇಂಥ ಅನುಮಾನ ಬೇಗ ಬರುತ್ತದೆ, ನಾನೇ ನೋಡಿದ್ದೇನೆ. ಕೋರ್ಸ್ ಶುರುವಾಗುವ ಮೊದಲು ಸರಾಸರಿ, ಹರವು, ಸಂಭವನೀಯತೆ ಇಷ್ಟನ್ನು ಶಾಲೆಯ ಪುಸ್ತಕದಿಂದ ತಿರುವಿಹಾಕಿ. ಮಿಕ್ಕಿದ್ದು ಅಭ್ಯಾಸವಾಗುತ್ತದೆ.

ಪ್ರಶ್ನೆ: ಎರಡನೇ ವರ್ಷದಲ್ಲಿದ್ದೇನೆ. ಡಿಸರ್ಟೇಷನ್‌ಗೆ 'ಹವಾಮಾನ ಬದಲಾವಣೆ ಮತ್ತು ಜಾಗತಿಕ ಸಹಕಾರ' ಎಂದು ಕೊಟ್ಟಿದ್ದೆ. ವಿಷಯ ಚಿಕ್ಕದು ಮಾಡಿ ಅಂತ ಗೈಡ್ ವಾಪಸ್ ಕಳಿಸಿದ್ದಾರೆ. ಇಷ್ಟು ಮುಖ್ಯವಾದ ವಿಷಯವನ್ನು ಚಿಕ್ಕದು ಮಾಡುವುದು ಹೇಗೆ? – ಆರ್.ಕೆ.

ಉತ್ತರ: ನಿಮ್ಮ ಗೈಡ್ ಒಳ್ಳೆಯವರು. ಆ ವಿಷಯಕ್ಕೆ ಕೆಲಸ ಬಿಟ್ಟು ಕೂತರೂ ಹತ್ತು ವರ್ಷ ಸಾಲದು. ನಿಮ್ಮ ಕೈಯಲ್ಲಿರುವುದು ರಜಾದಿನಗಳು ಮಾತ್ರ.

ಒಂದು ದೇಶ, ಒಂದು ನಿರ್ಧಾರ ಹಿಡಿಯಿರಿ. ಹಸಿರುಮನೆ ಅನಿಲ ಕಡಿಮೆ ಮಾಡುವ ಕ್ಯೋಟೋ ಒಪ್ಪಂದವನ್ನು ಕೆನಡಾ 2002ರಲ್ಲಿ ಅನುಮೋದಿಸಿತು, 2011ರಲ್ಲಿ ಹೊರಬರುವುದಾಗಿ ಘೋಷಿಸಿತು. ಈ ನಡುವೆ ಏನು ಬದಲಾಯಿತು? ಅಮೆರಿಕದ ರಾಜಕೀಯ ಶಾಸ್ತ್ರಜ್ಞ ರಾಬರ್ಟ್ ಪಟ್ನಮ್ 1988ರಲ್ಲಿ ಹೇಳಿದ ಎರಡು ಮೇಜಿನ ಮಾತು ಇಲ್ಲಿ ಚೆನ್ನಾಗಿ ಕೂರುತ್ತದೆ. ಸಂಧಾನಕ್ಕೆ ಕೂತವರು ಒಂದು ಮೇಜಿನಲ್ಲಿ ಬೇರೆ ದೇಶಗಳ ಜೊತೆ ಮಾತಾಡುತ್ತಾರೆ, ಇನ್ನೊಂದರಲ್ಲಿ ತಮ್ಮದೇ ದೇಶದವರ ಜೊತೆ. ಒಂದು ಮೇಜಿನಲ್ಲಿ ಒಪ್ಪಿದ್ದು ಇನ್ನೊಂದರಲ್ಲಿ ಉರುಳಬಹುದು.

ಅಥವಾ ಇದನ್ನು ತಿರುಗಿಸಿ, ಗೆದ್ದ ಒಪ್ಪಂದವೊಂದರ ಒಂದೇ ಕಲಮು ಹಿಡಿಯಿರಿ. ಓಜೋನ್ ಪದರ ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದ ನಾಲ್ಕನೇ ಕಲಮು, ಒಪ್ಪಂದಕ್ಕೆ ಸೇರದ ದೇಶಗಳ ಜೊತೆ ಆ ರಾಸಾಯನಿಕಗಳ ವ್ಯಾಪಾರಕ್ಕೆ ಕಡಿವಾಣ ಹಾಕುತ್ತದೆ. ಬಡ ದೇಶಗಳಿಗೆ ಹತ್ತು ವರ್ಷ ಹೆಚ್ಚಿನ ಗಡುವು, ಆಮೇಲೆ ಹಣದ ನೆರವೂ ಬಂತು. ಹೊರಗೆ ಉಳಿಯುವುದಕ್ಕಿಂತ ಒಳಗೆ ಬರುವುದೇ ಲಾಭ ಎನ್ನುವ ಹಾಗೆ ಕಟ್ಟಿದ ಒಪ್ಪಂದ ಅದು. ನನಗೆ ಈ ದಾರಿಯೇ ಹೆಚ್ಚು ಇಷ್ಟ. ಸೋತದ್ದರ ಬಗ್ಗೆ ಬರೆಯುವವರು ಜಾಸ್ತಿ, ಗೆದ್ದದ್ದನ್ನು ಬಿಚ್ಚಿ ನೋಡುವವರು ಕಡಿಮೆ.

ಯಾವುದು ಹಿಡಿದರೂ ಮೂಲ ದಾಖಲೆ ಓದಿ. ಕರಡುಗಳಲ್ಲಿ ಚೌಕ ಕಂಸದೊಳಗೆ ಇರುವ ಸಾಲುಗಳು ಇನ್ನೂ ಒಪ್ಪಿಗೆಯಾಗದವು. ಯಾವ ಕಂಸ ಯಾವ ಸಭೆಯ ನಂತರ ಮಾಯವಾಯಿತು ಎಂದು ಹಿಂಬಾಲಿಸಿ ನೋಡಿ, ಯಾರು ಯಾವಾಗ ಮಣಿದರು ಎಂಬ ಸುಳಿವು ಸಿಗುತ್ತದೆ. ಈ ರಜಾದಿನ ಕೂತು ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅದರಲ್ಲಿ ಒಂದು ದೇಶದ ಹೆಸರೋ ಒಂದು ಕಲಮಿನ ಸಂಖ್ಯೆಯೋ ಇರಲಿ. ಸೋಮವಾರವೇ ಗೈಡ್‌ಗೆ ಕಳಿಸಿಬಿಡಿ.