ಯುದ್ಧದ ಹೊತ್ತಲ್ಲಿ ಸರ್ಕಾರವನ್ನು ಪ್ರಶ್ನಿಸಿದರೆ ದೇಶದ್ರೋಹಿ ಆಗ್ತೀವಾ?

ಗಡಿಯಲ್ಲಿ ಗುಂಡು ಹಾರುತ್ತಿರುವಾಗ ಸರ್ಕಾರದ ತಪ್ಪನ್ನು ಬಾಯಿಬಿಟ್ಟು ಹೇಳಬಹುದಾ ಅಂತ ಕೇಳಿದ್ದೀರಿ. ಆಫೀಸಿನ ಗ್ರೂಪಿನಲ್ಲಿ ಹೇಳಿ ಎಲ್ಲರಿಂದ ಬೈಸಿಕೊಂಡೆ ಅಂತಲೂ ಬರೆದಿದ್ದೀರಿ. ನಾನೂ ಬೈಸಿಕೊಂಡವನೇ. ಅದಕ್ಕೇ ಉತ್ತರ ಬರೆಯಲು ಕೂತೆ.

ನಮ್ಮ ಮನೆ ವಿದ್ಯಾರಣ್ಯಪುರದಲ್ಲಿ. ಸೈನ್ಯಕ್ಕೆ ಸಾಮಾನು ಮಾಡಿಕೊಡುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದು ರಿಟೈರ್ ಆದವನು ನಾನು. 2025ರ ಮೇ 8ರ ರಾತ್ರಿ, ಪಾಕಿಸ್ತಾನದ ಜೊತೆ ಕಾದಾಟ ನಡೆಯುತ್ತಿದ್ದಾಗ, ಟಿವಿಯವರು ಅಲ್ಲಿನ ಕರಾಚಿ ಬಂದರನ್ನೇ ನಮ್ಮವರು ಉಡಾಯಿಸಿದರು ಅಂತ ಕೂಗಾಡುತ್ತಿದ್ದರು (ಅದು ಸುಳ್ಳು ಅಂತ ಆಮೇಲೆ ಗೊತ್ತಾಯ್ತು). ಬಡಾವಣೆಯ ವಾಟ್ಸಾಪ್ ಗ್ರೂಪಿನ ತುಂಬ ಬಾವುಟ, ಪಟಾಕಿ. ನಾನು ಒಂದೇ ಮಾತು ಹಾಕಿದೆ: ‘ಪಹಲ್ಗಾಮ್‌ನಲ್ಲಿ ಉಗ್ರರ ದಾಳಿಗೆ 26 ಜನ ಸತ್ತರು. ಅಷ್ಟು ಪ್ರವಾಸಿಗರು ಹೋಗುವ ಜಾಗದಲ್ಲಿ ಕಾವಲು ಯಾಕಿರಲಿಲ್ಲ? ಇದಕ್ಕೆ ಉತ್ತರ ಕೊಡೋರು ಯಾರು?’

ಹತ್ತು ನಿಮಿಷದಲ್ಲಿ ನಾನು ಪಾಕಿಸ್ತಾನಿ ಆಗಿಬಿಟ್ಟಿದ್ದೆ. ಪ್ರತಿ ವರ್ಷ ಗಣೇಶನಿಗೆ ಅಂತ ನನ್ನ ಹತ್ತಿರ ಚಂದಾ ಇಸ್ಕೊಂಡು ಹೋಗುವ ಹುಡುಗ, ‘ಅಂಕಲ್, ಲಾಹೋರ್‌ಗೆ ಟಿಕೆಟ್ ಬುಕ್ ಮಾಡ್ಲಾ?’ ಅಂದ.

ಮಾರನೇ ಬೆಳಿಗ್ಗೆ ನಂದಿನಿ ಬೂತಿನಲ್ಲಿ ಪಕ್ಕದ ರಸ್ತೆಯ ಸುಬೇದಾರರು ಸಿಕ್ಕಿದರು. ಸೈನ್ಯದಿಂದ ನಿವೃತ್ತರಾದವರು. ಎರಡು ಹಾಲಿನ ಪ್ಯಾಕೆಟ್ ಕೈಯಲ್ಲಿ ಹಿಡಿದು ಸುಮ್ನೆ ನಿಂತಿದ್ದರು. ‘ನೀವು ಕೇಳಿದ್ದು ನ್ಯಾಯವೇ ಸಾರ್. ಆದ್ರೆ ಮಗ ಜಮ್ಮು ಕಡೆ ಇದಾನೆ. ಎರಡು ದಿನದಿಂದ ಫೋನಿಲ್ಲ. ರಾತ್ರಿ ನಿಮ್ಮ ಮೆಸೇಜ್ ನೋಡಿ ನಮ್ಮನೆಯವಳು ಅತ್ತುಬಿಟ್ಟಳು’ ಅಂದರು. ಗ್ರೂಪಿನ ಬೈಗುಳಕ್ಕಿಂತ ಇದು ಜಾಸ್ತಿ ನಾಟಿತು. ಪ್ರಶ್ನೆಯನ್ನು ವಾಪಸ್ ತಗೊಳ್ಳಲಿಲ್ಲ. ಆದರೆ ಅವತ್ತಿನಿಂದ ಏನಾದರೂ ಹಾಕುವ ಮುಂಚೆ, ಇದನ್ನು ಅವರ ಮನೆಯಲ್ಲಿ ಕೂತು ಓದಿ ಹೇಳೋಕಾಗುತ್ತಾ ಅಂತ ಯೋಚಿಸ್ತೀನಿ.

‘ಈಗ ಬೇಡ, ಎಲ್ಲ ಮುಗಿಯಲಿ, ಆಮೇಲೆ ಕೇಳಿ’ ಅಂತಾರಲ್ಲ, ಆ ‘ಆಮೇಲೆ’ ಯಾವತ್ತು ಅಂತ ಯಾರೂ ಹೇಳಲ್ಲ. 1962ರ ಅಕ್ಟೋಬರ್ 20ಕ್ಕೆ ಚೀನಾ ನುಗ್ಗಿತು, 26ಕ್ಕೆ ತುರ್ತು ಪರಿಸ್ಥಿತಿ ಬಂತು. ಆಗಲೂ, ಯುದ್ಧ ನಡೆಯುತ್ತಿದ್ದಾಗಲೇ, ಸಂಸತ್ತು ಕರೆಯಿರಿ ಅಂತ ವಾಜಪೇಯಿ ಪಟ್ಟು ಹಿಡಿದರು. ಇನ್ನೂ ನಲವತ್ತು ತುಂಬದ ರಾಜ್ಯಸಭಾ ಸದಸ್ಯ ಅವರು. ನೆಹರೂ ಒಪ್ಪಿದರು. ನವೆಂಬರ್ 8ರಿಂದ ದಿನಗಟ್ಟಲೆ ಚರ್ಚೆ ನಡೆಯಿತು. ಅಷ್ಟರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ರಾಜೀನಾಮೆ ಕೊಟ್ಟಾಗಿತ್ತು. ಕೊಡಲೇಬೇಕು ಅಂತ ಜೋರು ಮಾಡಿದವರಲ್ಲಿ ಕಾಂಗ್ರೆಸ್ಸಿನವರೇ ಇದ್ದರು. ಆ ಕಾಲವೇನೂ ಪೂರ್ತಿ ಚೆನ್ನಾಗಿರಲಿಲ್ಲ, ಬಿಡಿ. ಚೀನೀ ಮೂಲದ ಭಾರತೀಯರನ್ನು ಮಕ್ಕಳುಮರಿ ಸಮೇತ ರಾಜಸ್ಥಾನದ ದೇವಲಿ ಶಿಬಿರಕ್ಕೆ ತುಂಬಿದ್ದೂ ಅದೇ ಹೊತ್ತಿನಲ್ಲಿ.

ಕಾನೂನು ಏನು ಹೇಳುತ್ತೆ ಅಂದಿರಿ. ಸರ್ಕಾರವನ್ನು ಎಷ್ಟೇ ಖಾರವಾಗಿ ಟೀಕಿಸಿದರೂ, ಹಿಂಸೆಗೆ ಕುಮ್ಮಕ್ಕು ಕೊಡದಿದ್ದರೆ ಅದು ರಾಜದ್ರೋಹ ಅಲ್ಲ ಅಂತ ಸುಪ್ರೀಂ ಕೋರ್ಟ್ 1962ರಲ್ಲೇ ಕೇದಾರನಾಥ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ರಾಜದ್ರೋಹದ ಹಳೇ 124ಎ ಕಲಂ ಹೋಗಿ, 2024ರ ಜುಲೈ 1ರಿಂದ ಹೊಸ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಂ ಬಂದಿದೆ, ದೇಶದ ಸಾರ್ವಭೌಮತೆ, ಏಕತೆಗೆ ಧಕ್ಕೆ ತರುವುದು ಅಪರಾಧ ಅನ್ನುವ ಕಲಂ. ಅದರ ಮಾತುಗಳು ಎಷ್ಟು ಬೇಕಾದರೂ ಹಿಗ್ಗುತ್ತವೆ. ಸುಳ್ಳು ಧೈರ್ಯ ತುಂಬಲ್ಲ: ಕೋರ್ಟು ನಿಮ್ಮ ಕಡೆ ನಿಲ್ಲುವ ಮುಂಚೆ ಸ್ಟೇಷನ್ ಮೆಟ್ಟಿಲು ಹತ್ತಬೇಕಾಗಬಹುದು. 2025ರ ಮೇ 18ರಂದು ಹರಿಯಾಣ ಪೊಲೀಸರು ಪ್ರಾಧ್ಯಾಪಕರೊಬ್ಬರನ್ನು ಫೇಸ್‌ಬುಕ್ ಪೋಸ್ಟಿಗಾಗಿ ಹಿಡಿದರು. ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ಕೊಟ್ಟಿದ್ದು ಮೂರು ದಿನ ಆದಮೇಲೆ.

ಬೈಗುಳಕ್ಕಂತೂ ಲೆಕ್ಕವೇ ಇಲ್ಲ. ಯುದ್ಧ ಬೇಡ, ಭದ್ರತೆ ಬಿಗಿ ಮಾಡಿ ಅಂದಿದ್ದಕ್ಕೆ ಸಿದ್ದರಾಮಯ್ಯನವರನ್ನೂ ಬಿಡಲಿಲ್ಲ. ಕದನ ವಿರಾಮ ಪ್ರಕಟಿಸಿದ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿಯವರಿಗೆ ಎಷ್ಟು ಬೈದರು ಅಂದ್ರೆ, ಅವರು ಎಕ್ಸ್ ಖಾತೆಗೇ ಬೀಗ ಹಾಕಿಕೊಂಡರು. ಅವರು ಹೇಳಿದ್ದು ಸರ್ಕಾರದ್ದೇ ಮಾತು ತಾನೇ! ನಮ್ಮ ಬೆಂಗಳೂರಿನ ಫ್ರೀಡಂ ಪಾರ್ಕ್ ಮೊದಲು ಸೆಂಟ್ರಲ್ ಜೈಲಾಗಿತ್ತಲ್ವಾ? 1942ರಲ್ಲಿ, ಮಹಾಯುದ್ಧದ ನಡುವೆ, ಎಚ್.ಎಸ್. ದೊರೆಸ್ವಾಮಿಯವರನ್ನು ಕ್ವಿಟ್ ಇಂಡಿಯಾ ಚಳವಳಿಗಾಗಿ ಹಿಡಿದು ಅಲ್ಲೇ 14 ತಿಂಗಳು ಇಟ್ಟಿದ್ದರು. ನೂರು ದಾಟಿದ ಅವರಿಗೂ 2020ರಲ್ಲಿ ಪಾಕಿಸ್ತಾನದ ಏಜೆಂಟ್ ಅಂತ ಹೆಸರಿಟ್ಟರು.

ನೀವು ಕೇಳಿ. ಪಡೆ ಎಲ್ಲಿದೆ, ಯಾವ ವಿಮಾನ ಎಲ್ಲಿಂದ ಹಾರಿತು, ಅದೆಲ್ಲ ಬೇಡ. ಗೊತ್ತಿದ್ದರೂ ಬರೆಯಬೇಡಿ. ಯಾರು ನಿರ್ಧಾರ ಮಾಡಿದರು, ತಪ್ಪಾಗಿದ್ದರೆ ಯಾರು ಒಪ್ಪಿಕೊಳ್ತಾರೆ ಅನ್ನೋದನ್ನು ಕೇಳಿ. ಸ್ವಂತ ಹೆಸರಿನಲ್ಲೇ ಕೇಳಿ. ಫಾರ್ವರ್ಡ್ ಬಂದದ್ದನ್ನು ತಳ್ಳಬೇಡಿ. ಕೆಲಸ ಹೋಗುವ ಭಯ ಇದ್ದರೆ ಆಫೀಸ್ ಗ್ರೂಪು ಬಿಟ್ಟು ನಿಮ್ಮ ಸಂಸದರಿಗೇ ಪತ್ರ ಬರೆಯಿರಿ, ಅದೇನೂ ಹೇಡಿತನವಲ್ಲ.

ಆ ಸುಬೇದಾರರ ಮಗ ಫೋನ್ ಮಾಡಿದ, ಕ್ಷೇಮವಾಗಿದ್ದಾನೆ. 2025ರ ಜುಲೈನಲ್ಲಿ ಜಮ್ಮು-ಕಾಶ್ಮೀರದ ಲೆಫ್ಟಿನೆಂಟ್ ಗವರ್ನರ್ ಮನೋಜ್ ಸಿನ್ಹಾ ಅವರೇ, ಪಹಲ್ಗಾಮ್‌ನಲ್ಲಿ ಆಗಿದ್ದು ಭದ್ರತಾ ವೈಫಲ್ಯ, ಹೊಣೆ ನನ್ನದು ಅಂದರು. ಆ ಸುದ್ದಿಯನ್ನು ಗ್ರೂಪಿಗೆ ಹಾಕಿದೆ. ಒಬ್ಬರೂ ತುಟಿ ಬಿಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಚಂದಾ ಹುಡುಗ ನಾಳೆ ಕಾವೇರಿ ನೀರು ಬರಲ್ಲ ಅಂತ ಹಾಕಿದ.